ಚಂದನ್‌ಬೆನ್ ತಿಂದ ಕೇಕು

ಅಹಮದಾಬಾದಿನಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಮನೆಯ ಒಡತಿ ನನ್ನ ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, "ಈಂಡಾ ಖಾವೊ ಛೊ?" ಎಂದರು. ಈಂಡಾ ಎಂದರೆ ಮೊಟ್ಟೆ. ಮೊಟ್ಟೆ ತಿನ್ನುತ್ತೀರಾ ಎಂದು ಕೇಳುತ್ತಿದ್ದಾರೆಂದು ದಲಾಲ ಹಿಂದಿಯಲ್ಲಿ ತಿಳಿಸಿದಾಗ ದಂಗಾದೆ. ಬೆಟಗೇರಿಯ ನಮ್ಮ ಅಂಗಳದಲ್ಲಿ ಕೋಳಿಗಳೇ ಓಡಾಡಿಕೊಂಡಿದ್ದವು. ನಾನು ಬೆಳಿಗ್ಗೆ ಏನು ತಿಂದೆ ಎಂದು ಯಾರಿಗೂ ವರದಿ ಒಪ್ಪಿಸಿದವಳಲ್ಲ. ಇಲ್ಲ ಅನ್ನಿ ಎಂದು ದಲಾಲ ಕಣ್ಸನ್ನೆ ಮಾಡಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅವ್ವ ತನ್ನ ಹರಕು ಮುರುಕು ಹಿಂದಿಯಲ್ಲಿ ಹೇಳಿಯೇಬಿಟ್ಟಳು: ತಿನ್ನುತ್ತೇವೆ, ನಾವು ಕ್ರೈಸ್ತರು, ಆದರೆ ನಿಮ್ಮ ಮನೆಯೊಳಗೆ ತರುವುದಿಲ್ಲ. ದಲಾಲ ಹಣೆ ಚಚ್ಚಿಕೊಂಡ. ಒಡತಿ ಚಂದನ್‌ಬೆನ್ ಜೈನರು, ಅವ್ವನ ವಯಸ್ಸಿನವರು, ಅವ್ವನಂತೆಯೇ ಗಂಡನನ್ನು ಕಳೆದುಕೊಂಡವರು. ಬೆನ್ ಎಂದರೆ ಅಕ್ಕ ಅಥವಾ ತಂಗಿ. ಇಲ್ಲಿ ಎಲ್ಲ ಹೆಂಗಸರ ಹೆಸರಿಗೂ ಅದು ಅಂಟಿಕೊಳ್ಳುತ್ತದೆ. ಅವರು ಅವ್ವನನ್ನು ಮೇಲಿಂದ ಕೆಳಗೆ ನೋಡಿ, ಕೊಟ್ಟ ಮಾತು ಮಾತಾಗಿರಲಿ ಎಂದು ಮೇಲಿನ ಮನೆ ಕೊಟ್ಟರು. ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯ ಆ ಸೊಸೈಟಿಯಲ್ಲಿ ಕೆಳಗೆ ಅವರು, ಮೇಲೆ ನಾನು ಮತ್ತು ಅವ್ವ.

ನನ್ನನ್ನು ಬ್ಯಾಂಕು ನವರಂಗಪುರದ ಶಾಖೆಗೆ ವರ್ಗ ಮಾಡಿತ್ತು. ಆಫೀಸು ಬಿಟ್ಟ ಮೇಲೆ ತಳ್ಳುಗಾಡಿಯಲ್ಲಿ ಆಮ್ಲೆಟ್ ತಿಂದು ಬಾಯಿ ತೊಳೆದುಕೊಂಡು ಮನೆಗೆ ಬರುತ್ತಿದ್ದೆ. ಅವ್ವನಿಗೆ ಆ ಭಾಗ್ಯವೂ ಇರಲಿಲ್ಲ. ಬೆಲ್ಲ ಬೆರೆತ ಬೇಳೆಸಾರು, ಕನ್ನಡ ಬಾರದ ನೆರೆಹೊರೆ, ಹಗಲಿಡೀ ಒಂಟಿತನ. ಭಾನುವಾರ ಮಾತ್ರ ಚರ್ಚು. ಬೆಟಗೇರಿಯಲ್ಲಿ ನಾವು ಬೆಂಚಿನ ಮೇಲೆ ಕೂರುತ್ತಿದ್ದೆವು. ಇಲ್ಲಿ ಚಪ್ಪಲಿ ಹೊರಗೆ ಬಿಟ್ಟು ಜಮಖಾನದ ಮೇಲೆ. ರಾಗ ಅದೇ, ಮಾತು ಗುಜರಾತಿ. ಅವ್ವ ಕನ್ನಡದಲ್ಲೇ ಗಟ್ಟಿಯಾಗಿ ಹಾಡುತ್ತಿದ್ದಳು, ಯಾರೂ ತಿರುಗಿ ನೋಡುತ್ತಿರಲಿಲ್ಲ.

ಅವಳನ್ನು ಬೆರಗಾಗಿಸಿದ್ದು ಬೇಕರಿ. ಮನೆಯ ಹತ್ತಿರದ ಅಂಗಡಿಯಲ್ಲಿ ಕೇಕಿಗೂ ಮೊಟ್ಟೆ ಹಾಕುತ್ತಿರಲಿಲ್ಲ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತಿತ್ತು. "ಈ ಊರಾಗ ಕೇಕೂ ಸಸ್ಯಾಹಾರಿ ನೋಡು" ಎಂದು ಊರಿಗೆ ಫೋನು ಮಾಡಿದಾಗಲೆಲ್ಲ ಹೇಳಿ ನಗುತ್ತಿದ್ದಳು. ಈ ಊರಿನ ಕೇಕೆಂದರೆ ಮೊಟ್ಟೆಯಿಲ್ಲದ್ದು ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಕ್ರಿಸ್‌ಮಸ್ ಬಂತು. ನಮ್ಮಲ್ಲಿ ಅಂದು ಕಸೂತಿ ಬಟ್ಟೆ ಮುಚ್ಚಿದ ತಟ್ಟೆ ನೆರೆಮನೆಗಳಿಗೆ ಹೋಗಬೇಕು. ಅವ್ವ ಕರ್ಚಿಕಾಯಿ, ಶಂಕರಪಾಳಿ ಮಾಡಿದಳು. ಚರ್ಚಿನಲ್ಲಿ ರಿಬೇಕಾಬೆನ್ ಎಂಬ ಗೆಳತಿ ಕೊಟ್ಟ ಕೇಕಿನ ಎರಡು ತುಂಡನ್ನೂ ಇಟ್ಟು ಕೆಳಗೆ ಕೊಟ್ಟು ಬಂದಳು. ಚಂದನ್‌ಬೆನ್ ಅವ್ವನ ಎದುರೇ ತಿಂದು, ಬಹಳ ಮೆತ್ತಗಿದೆ ಎಂದರಂತೆ. ಹೊರ ಊರಿನಲ್ಲಿ ನಮ್ಮ ತಟ್ಟೆಗೂ ಒಂದು ಮನೆ ಸಿಕ್ಕಿತೆಂದು ಅವ್ವ ದಿನವಿಡೀ ಹಿಗ್ಗಿದಳು.

ಮುಂದಿನ ಭಾನುವಾರ ರಿಬೇಕಾಬೆನ್ ಕೇಳಿದರು, ಕೇಕು ಹೇಗಿತ್ತು, ಮನೆಯ ಕೋಳಿಯ ಮೊಟ್ಟೆಯನ್ನೇ ಹಾಕಿದ್ದೆ ಎಂದು. ಈಗಲೇ ಹೋಗಿ ಚಂದನ್‌ಬೆನ್‌ಗೆ ಹೇಳಬೇಕೆಂದು ಅವ್ವ ಜಮಖಾನದಿಂದ ಎದ್ದಳು.

ಆಟೋದಲ್ಲಿ ನಾನು ಅವ್ವನ ಬೆನ್ನುಹತ್ತಿದೆ. "ಅವ್ವಾ, ಅವರು ತಿಂದು ಆಗೇತಿ. ಈಗ ಹೇಳಿದ್ರ ಅವರಿಗೆ ಸಂಕಟ, ನಮಗ ಬೀದಿ. ಸುಮ್ನಿದ್ರ ಯಾರಿಗೂ ಗೊತ್ತಾಗೂದಿಲ್ಲ."

"ಯಾರಿಗೂ ಗೊತ್ತಾಗೂದಿಲ್ಲ ಖರೆ. ಮುಚ್ಚಿಟ್ಕೊಂಡು ನಾ ದೇವರ ಮುಂದ ಹೆಂಗ ಕುಂದರ್ಲಿ?"

"ಮನಿ ಬಿಡು ಅಂದ್ರ ಎಲ್ಲಿ ಹೋಗೂದು? ಮತ್ತ ಯಾರು ಕೊಡ್ತಾರ ನಮಗ?"

"ದೇವರ ಮಾತು ಕೇಳೂದಂದ್ರ ನಮಗ ಅನುಕೂಲ ಆದಾಗಷ್ಟ ಕೇಳೂದೇನವಾ?"

ಸಂಡೇ ಸ್ಕೂಲಿನಲ್ಲಿ ನನಗೆ ವಿಧೇಯತೆಯ ಪಾಠ ಹೇಳಿದವಳು ಅವ್ವನೇ. ಆಗ ನನಗೆ ಅರ್ಥವಾದದ್ದು ಕೈಕಟ್ಟಿ ಕೂರುವುದು, ಭಾನುವಾರದ ಆರಾಧನೆ ತಪ್ಪಿಸದಿರುವುದು, ಇಷ್ಟೇ. ದೇವರಿಗೆ ವಿಧೇಯಳಾಗಲು ತಲೆಯ ಮೇಲಿನ ಸೂರನ್ನೇ ಪಣಕ್ಕಿಡಬೇಕಾದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವ್ವನ ಮೇಲೆ ಕೆಟ್ಟ ಸಿಟ್ಟು ಬಂತು.

ಇಷ್ಟು ದೊಡ್ಡ ಮಾತಿಗೆ ಅವ್ವನ ಹಿಂದಿ ಸಾಲಲಿಲ್ಲ. ನೀನೇ ಹೇಳು ಎಂದು ನನ್ನನ್ನು ಚಂದನ್‌ಬೆನ್ ಮುಂದೆ ನಿಲ್ಲಿಸಿದಳು. ಕೇಕಿನಲ್ಲಿ ಮೊಟ್ಟೆ ಶಾಯದ್, ಅಂದರೆ ಬಹುಶಃ, ಇದ್ದಿರಬಹುದು ಎಂದು ನಾನು ಹಿಂದಿಯಲ್ಲಿ ಜಾರಿಕೊಂಡೆ. ಅಷ್ಟು ಹಿಂದಿ ಅವ್ವನಿಗೆ ಬರುತ್ತಿತ್ತು. "ಶಾಯದ್ ನಹೀಂ" ಎಂದು ತಿದ್ದಿದಳು. "ಥಾ." ಇತ್ತು.

ಚಂದನ್‌ಬೆನ್ ಸೆರಗಿನಿಂದ ಬಾಯಿ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಜನ್ಮದಲ್ಲೇ ಮುಟ್ಟದ್ದು ನಮ್ಮ ತಟ್ಟೆಯಿಂದ ಅವರ ಹೊಟ್ಟೆಗೆ ಹೋಗಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರು ಉಪವಾಸ ಹಿಡಿದಿದ್ದಾರೆಂದು ಅವರ ಮನೆಗೆಲಸದವಳಿಂದ ತಿಳಿಯಿತು. ಕಾಯಿಸಿ ಆರಿಸಿದ ನೀರು ಬಿಟ್ಟರೆ ಬೇರೇನೂ ಇಲ್ಲ. ಕೇಳಿದ್ದೇ ತಡ, ಅವ್ವ ತಾನೂ ಊಟ ಬಿಟ್ಟಳು. ಕೆಳಗೊಬ್ಬರು, ಮೇಲೊಬ್ಬರು. ನಡುವೆ ನಾನು ದಲಾಲನಿಗೆ ಫೋನು ಮಾಡಿ ನರೋಡಾ ಕಡೆ ಮನೆ ವಿಚಾರಿಸುತ್ತಾ, ಪಾತ್ರೆಗಳನ್ನು ಡಬ್ಬಿಗೆ ತುಂಬುತ್ತಾ ಇದ್ದೆ.

ಉಪವಾಸ ಮುಗಿದ ಮೇಲೆ ಚಂದನ್‌ಬೆನ್ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ನಮ್ಮ ತಟ್ಟೆ. ಮನೆ ಬಿಡಿ ಎನ್ನುತ್ತಾರೆಂದು ಕಾದು ನಿಂತೆ. ತಟ್ಟೆಯಲ್ಲಿ ಹಿಡಿ ಸಕ್ಕರೆ ಇತ್ತು, ಪಕ್ಕದಲ್ಲಿ ಅವರ ಮನೆಯ ಕೀಲಿ.

"ನಾಳೆ ಪಾಲಿತಾಣಾ ಯಾತ್ರೆಗೆ ಹೊರಟಿದ್ದೇನೆ" ಎಂದರು ಹಿಂದಿಯಲ್ಲಿ. "ನಿಮ್ಮ ಮನೆಯದು ಇನ್ನು ಏನೂ ತಿನ್ನುವುದಿಲ್ಲ, ತಪ್ಪು ತಿಳಿಯಬೇಡಿ. ಕೀಲಿ ಮಾತ್ರ ನಿಮ್ಮ ತಾಯಿಯ ಹತ್ತಿರ ಇರಲಿ. ನನಗೆ ಗೊತ್ತೇ ಆಗದಿದ್ದದ್ದನ್ನು ಬಂದು ಹೇಳಿದವರು ಇವರೊಬ್ಬರೇ."

ಅಂದಿನಿಂದ ನಮ್ಮ ಕ್ರಿಸ್‌ಮಸ್ ತಟ್ಟೆ ಕೆಳಗಿಳಿದಿಲ್ಲ. ಬೆಟಗೇರಿಯಲ್ಲಿ ನಮ್ಮ ಕೇಕು ತಿನ್ನದ ಮನೆಯಿಲ್ಲ, ಆದರೆ ಯಾರೂ ನಮ್ಮ ಕೈಗೆ ಕೀಲಿ ಕೊಟ್ಟು ಹೋದದ್ದಿಲ್ಲ. ಇಲ್ಲಿ ಒಂದು ತುತ್ತೂ ಮುಟ್ಟದವರ ಕೀಲಿ, ಅವರು ಯಾತ್ರೆಗೆ ಹೋದಾಗಲೆಲ್ಲ, ಅವ್ವನ ಪ್ರಾರ್ಥನೆಯ ಮೂಲೆಯಲ್ಲಿ ಮೊಳೆಗೆ ನೇತಾಡುತ್ತದೆ.

ಮೊನ್ನೆ ನನಗೆ ಬೆಟಗೇರಿಯ ಹತ್ತಿರದ ಹುಬ್ಬಳ್ಳಿಗೆ ವರ್ಗವಾಯಿತು. ಊರು, ಅಂಗಳ, ಕೋಳಿ, ಕನ್ನಡದ ಹಾಡು, ಎಲ್ಲ ಮರಳಿ ಸಿಗುತ್ತದೆಂದು ಓಡಿಬಂದು ಹೇಳಿದೆ. ಅವ್ವ ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಮೊಳೆಯ ಕಡೆ ನೋಡುತ್ತಾ ಕುಳಿತಳು.

"ಚೈತ್ರ ಮಾಸದಾಗ ಚಂದನ್‌ಬೆನ್ ಮತ್ತ ಯಾತ್ರಾಕ್ಕ ಹೊಂಟಾರ" ಎಂದಳು. "ಕೀಲಿ ಯಾರ ಕಡೆ ಕೊಡ್ತಾರ?"