ಬೇಸಿನ್ನಿನ ನೀರು ಇಳಿಯದ ದಿನ

ಕಾಪುವಿನ ನಮ್ಮ ಮನೆಯ ಬಚ್ಚಲಿನಲ್ಲಿ ಬಿಳಿ ಬೇಸಿನ್ ಕೂತದ್ದು ಶೋಕಿಗಲ್ಲ. ಅತ್ತೆ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದರು. ಮಣಿಪಾಲದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿ ಮನೆಗೆ ಬಂದ ಮೇಲೆ, ಸ್ವಂತವಾಗಿ ಮಾಡಲು ಅವರಿಗೆ ಉಳಿದದ್ದು ಒಂದೇ ಕೆಲಸ. ಬೆಳಿಗ್ಗೆ ಎದ್ದು, ಗೋಡೆ ಹಿಡಿದು, ಹತ್ತು ಹೆಜ್ಜೆ ನಡೆದು, ಬೇಸಿನ್ನಿನ ಮುಂದೆ ನಿಂತು ಹಲ್ಲುಜ್ಜಿ ಮುಖ ತೊಳೆಯುವುದು. ಉಳಿದದ್ದಕ್ಕೆಲ್ಲ ನಾನು ಬೇಕು, ತಲೆ ಬಾಚಲಿಕ್ಕೂ ಸೀರೆ ಉಡಿಸಲಿಕ್ಕೂ. ಆ ಹತ್ತು ಹೆಜ್ಜೆಗೆ ಮಾತ್ರ ಯಾರಾದರೂ ಆಸರೆ ಕೊಡಹೋದರೆ ಕೈಗೆ ಪಟ್ಟೆಂದು ಒಂದು ಏಟು ಬೀಳುತ್ತಿತ್ತು.

ಅರವತ್ತರ ದಶಕದ ಮಾತು. ನನ್ನ ಗಂಡ ಬೊಂಬಾಯಿಯಲ್ಲಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು, ಮೂವರೇ. ಒಂದು ಬೆಳಿಗ್ಗೆ ಬೇಸಿನ್ನಿನ ನೀರು ಇಳಿಯಲೇ ಇಲ್ಲ. ಕಪ್ಪು ನೀರು ಅಂಚಿನವರೆಗೆ ತುಂಬಿ ಹಾಗೇ ನಿಂತಿತು. ಅದನ್ನು ಕೂರಿಸಿಹೋದ ಉಡುಪಿಯ ಮನುಷ್ಯ ಆಗಲೇ ಊರು ಬಿಟ್ಟಿದ್ದ.

"ನಾಳೆ ಮೇಸ್ತ್ರಿಗೆ ಬರಲಿಕ್ಕೆ ಹೇಳ್ತೇನೆ. ಇದನ್ನು ಕಿತ್ತು ಸಿಮೆಂಟು ಹಾಕಿಸುವುದು," ಎಂದರು ಮಾವ. "ಅವಳಿಗೆ ಮಲಗಿದಲ್ಲಿಗೇ ಒಂದು ತಂಬಿಗೆ ನೀರು ಕೊಟ್ಟರೆ ಸಾಕು."

ಮೀನು ಮಾರುವವರ ಹತ್ತಿರ ಗಂಟೆಗಟ್ಟಲೆ ಜಗಳ ಮಾಡಬಲ್ಲ ನಮ್ಮ ಅತ್ತೆ ಮಂಚದಲ್ಲಿ ಗೋಡೆಯ ಕಡೆಗೆ ತಿರುಗಿ ಮಲಗಿಬಿಟ್ಟರು. ಅದನ್ನು ನೋಡಿದ್ದೇ ತಡ, ನನಗೆ ಬಂತು ನೋಡಿ ಸಿಟ್ಟು!

"ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದುಂಟಾ ಮಾವ? ಸಂಜೆಯೊಳಗೆ ನಾನು ಸರಿ ಮಾಡ್ತೇನೆ."

"ನೀನಾ? ನಿನಗೆ ಎಂತ ಗೊತ್ತುಂಟು ಮಾರಾಯ್ತಿ?"

ಏನೂ ಗೊತ್ತಿರಲಿಲ್ಲ. ಆದರೆ ಅದನ್ನು ಅವರ ಮುಂದೆ ಒಪ್ಪಿಕೊಳ್ಳಲು ನನಗೇನು ಹುಚ್ಚೇ?

ಮೊದಲು ಅಂಗಳ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ತೂತಿನೊಳಗೆ ತುರುಕಿದೆ. ಕಡ್ಡಿ ಅರ್ಧಕ್ಕೆ ಮುರಿದು ಒಳಗೇ ಉಳಿಯಿತು. ಆಮೇಲೆ ಅಂಟುವಾಳಕಾಯಿ ಕುದಿಸಿ ಬಿಸಿಬಿಸಿ ನೀರು ಹೊಯ್ದೆ. ನೀರು ಕೆಳಗೆ ಇಳಿಯುವ ಬದಲು ನೊರೆ ಮೇಲೆ ಬಂದು ನೆಲಕ್ಕೆಲ್ಲ ಹರಡಿತು. ಮಾವ ಬಾಗಿಲಲ್ಲಿ ಇಣುಕಿ, "ಬಚ್ಚಲಿಗಾದರೂ ಸ್ನಾನ ಆಯ್ತು, ಅಲ್ವಾ?" ಎಂದು ಹೋದರು. ನಾನು ಹಲ್ಲು ಕಚ್ಚಿ ಸೆರಗು ಸಿಕ್ಕಿಸಿದೆ.

ಪಕ್ಕದ ಮನೆಯವಳ ಗಂಡನಿಗೆ ಕಟಪಾಡಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ಬೇಲಿಯ ಮೇಲಿಂದ ಸ್ಪ್ಯಾನರ್ ಕೊಡುತ್ತಾ ಅವಳು, "ಕೊಳವೆಯ ಬಿರಡೆ ತಿರುಗಿಸುವ ಮೊದಲು ಕೆಳಗೆ ಬಾಲ್ದಿ ಇಡಿ ಅಕ್ಕ," ಎಂದಳು. ಬೇಸಿನ್ನಿನ ಕೆಳಗೆ ಹಿತ್ತಾಳೆಯ ಕೊಳವೆ ಮೊಣಕೈಯ ಹಾಗೆ ಬಾಗಿತ್ತು. ಅದರ ತಳದಲ್ಲಿ ಒಂದು ಬಿರಡೆ. ಕಡಲಿನ ಉಪ್ಪುಗಾಳಿಗೆ ಬಿಗಿಯಾಗಿ ಹಿಡಿದುಕೊಂಡು ಅದು ಅಲ್ಲಾಡಲಿಲ್ಲ. ತೆಂಗಿನೆಣ್ಣೆ ಬಿಟ್ಟು ಕಾದೆ. ಅಂಗೈ ಕೆಂಪಾಗುವ ತನಕ ತಿರುಗಿಸಿದೆ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕಡೆಗೆ ಬಿರಡೆ ಕಿರ್ರೆಂದು ತಿರುಗಿತು, ಮತ್ತೆ ಒಮ್ಮೆಗೇ ಕಳಚಿಕೊಂಡಿತು. ಬಾಲ್ದಿ ಇನ್ನೂ ಬಾಗಿಲ ಹತ್ತಿರವೇ ಇತ್ತು. ಎಲ್ಲವೂ ನನ್ನ ಮಡಿಲಿಗೆ!

ಇದ್ದಿಲಿನಂಥ ಮುದ್ದೆ. ನಡುವೆ ಮಾವಿನೆಲೆಯ ನಾರು, ಜೊತೆಗೆ ನನ್ನ ಮುರಿದ ಕಡ್ಡಿ. ಮೂಸಿ ನೋಡುವುದೇ ಬೇಡವಾಯಿತು, ಅದು ಉಮಿಕರಿ. ಭತ್ತದ ಉಮಿ ಸುಟ್ಟು, ಉಪ್ಪು ಬೆರೆಸಿ, ಮಾವಿನೆಲೆಯಲ್ಲಿ ತೆಗೆದು ನಾವೆಲ್ಲ ಹಲ್ಲುಜ್ಜುತ್ತಿದ್ದ ಪುಡಿ. ಅಂಗಳದಲ್ಲಿ ತೆಂಗಿನ ಬುಡಕ್ಕೆ ಉಗುಳಿದರೆ ಅದು ಮಣ್ಣು ಸೇರುತ್ತಿತ್ತು. ಅತ್ತೆ ಅಂಗಳಕ್ಕೆ ಹೋಗಲಾರರಲ್ಲ! ದಿನಾ ಬೆಳಿಗ್ಗೆ ತೆಂಗಿನ ಗೆರಟೆಯಲ್ಲಿ ಉಮಿಕರಿ ತುಂಬಿಸಿ ಬೇಸಿನ್ನಿನ ಪಕ್ಕ ಇಡುತ್ತಿದ್ದವಳು ಯಾರು? ನಾನೇ. ಆ ಪುಡಿ ಕೊಳವೆಯಲ್ಲಿ ಎಲ್ಲಿಗೆ ಹೋಗುತ್ತದೆಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡು, ಎರಡೂ ಕೈಯಿಂದ ಬಾಚಿ ತೆಗೆದೆ.

ಸದ್ದು ಕೇಳಿ ಮಾವ ಬಂದರು. ಖಾಲಿ ಕೊಳವೆ ನೋಡಿದರು. ಅವರ ಮುಖ ಇಳಿದುಹೋಯಿತು.

"ಎಂತ ಮಾವ, ಸರಿಯಾಗುವುದು ನಿಮಗೆ ಬೇಡವಾಗಿತ್ತಾ?"

ಅವರು ಹೊಸ್ತಿಲಲ್ಲೇ ಕೂತರು. "ಅವತ್ತು ಅವಳು ಬಿದ್ದಾಗ ನಾನು ಬಾವಿಕಟ್ಟೆಯಲ್ಲೇ ಇದ್ದೆ ಮಾರಾಯ್ತಿ. ಕೈ ಚಾಚಿದೆ, ಸಿಕ್ಕಲಿಲ್ಲ. ಈಗ ದಿನಾ ಬೆಳಿಗ್ಗೆ ಅವಳು ಇಲ್ಲಿಗೆ ನಡೆಯುವಾಗ ನನಗೆ ಉಸಿರೇ ನಿಲ್ತದೆ. ಇದೊಂದು ಇಲ್ಲದಿದ್ದರೆ ಅವಳು ಏಳುವುದಿಲ್ಲ, ಬೀಳುವುದೂ ಇಲ್ಲ."

ನನಗೆ ಪಾಪ ಅನ್ನಿಸಿತು. ಆ ಗಟ್ಟಿ ದನಿಯ ಮನುಷ್ಯ ಇಷ್ಟು ಹೆದರಿಕೊಂಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಆದರೂ ಸ್ಪ್ಯಾನರ್ ಕೆಳಗಿಡಲಿಲ್ಲ. "ಏಳದಿದ್ದರೆ ಅತ್ತೆ ಹಾಸಿಗೆಯಲ್ಲೇ ಉಳಿದುಬಿಡ್ತಾರೆ ಮಾವ," ಎಂದು, ನೀರು ಸೋರದ ಹಾಗೆ ಬಿರಡೆಗೆ ನೂಲು ಸುತ್ತಿ ಮತ್ತೆ ಕೂರಿಸಿದೆ. ಒಂದು ಕೊಡ ನೀರು ಹೊಯ್ದೆ. ಗುಳುಗುಳು ಎಂದು ಇಳಿದುಹೋಯಿತು. ಇನ್ನು ಉಮಿಕರಿ ಉಗುಳಲು ಬೇರೆ ಪಾತ್ರೆ ಎಂದು ಅತ್ತೆಗೆ ಹೇಳಿದೆ. ಅವರು ಹೂಂ ಎಂದರು, ಅಷ್ಟೇ. ಮಾವ ಮೇಸ್ತ್ರಿಯ ಮಾತೆತ್ತಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಎದ್ದರು. ಗೋಡೆ ಹಿಡಿದು ಹೊರಟರು. ಅವರ ಹಿಂದೆಯೇ ಮಾವ, ಎರಡೂ ಕೈ ಚಾಚಿಕೊಂಡು, ಕೋಳಿ ಹಿಡಿಯಲು ಹೊರಟವರ ಹಾಗೆ. ನನಗೆ ನಗು ಬಂತು. ಹತ್ತನೆಯ ಹೆಜ್ಜೆಗೆ ಅತ್ತೆ ಬೇಸಿನ್ನಿನ ಅಂಚು ಹಿಡಿದು, ತಿರುಗಿ ನೋಡಿದರು.

"ನೀವು ಹೀಗೆ ಮುಖ ನೋಡ್ತಾ ನಿಂತರೆ ನಾನು ತೊಳೆಯುವುದು ಹೇಗೆ? ಹೊರಗೆ ಹೋಗಿ."

ಮಾವ ನನ್ನ ಮುಖ ನೋಡಿದರು. ನಾನು ಬಾಗಿಲಿನಿಂದ ಸರಿದು ದಾರಿ ಬಿಟ್ಟೆ. ಅವರು ನಿಧಾನಕ್ಕೆ ಹಿಂದೆ ಸರಿದು, ಹೊರಗೆ ಬಂದು, ಬಾಗಿಲು ಎಳೆದುಕೊಂಡರು. ಒಳಗಿನಿಂದ ಅತ್ತೆ ಚಿಲಕ ಹಾಕಿದರು.