ಹ್ಯಾನೋವರ್‌ನಿಂದ ಹೊತ್ತ ಕಲ್ಲು

ಹ್ಯಾನೋವರ್‌ನವರಿಗೆ ಇಂಡಿಯಾ ಅಂದರೆ ಒಂದೇ ಊರು. ರಜೆಗೆ ಉಡುಪಿಗೆ ಹೊರಟಿದ್ದೇನೆ ಅಂದದ್ದೇ ತಡ, ಕೆಳಗಿನ ಮನೆಯ ಜರ್ಮನ್ ಅಜ್ಜಿ ಕಿಟಕಿಯ ಕಟ್ಟೆಯಿಂದ ಒಂದು ಚಪ್ಪಟೆ ಕಲ್ಲು ಎತ್ತಿ ನನ್ನ ಕೈಯಲ್ಲಿಟ್ಟರು. "ಇದು ಲಡಾಖಿನದು. ಇದ್ದ ಜಾಗದಲ್ಲೇ ಇಟ್ಟುಬಿಡಿ" ಎಂದರು, ಸೂಪರ್ ಮಾರ್ಕೆಟ್ಟಿಗೆ ಖಾಲಿ ಬಾಟಲಿ ವಾಪಸು ಕೊಡಲು ಹೇಳುವ ಹಾಗೆ.

ಕಲ್ಲಿನ ಮೇಲೆ ಟಿಬೆಟನ್ ಅಕ್ಷರದಲ್ಲಿ ಮಂತ್ರ ಕೆತ್ತಿತ್ತು. ಲಡಾಖಿನಲ್ಲಿ ದಾರಿಬದಿಗೆ ಇಂಥ ಕಲ್ಲುಗಳನ್ನೇ ಪೇರಿಸಿದ ಉದ್ದುದ್ದ ಗೋಡೆಗಳಿವೆ. ಒಂದೊಂದೂ ಯಾರೋ ಭಕ್ತಿಯಿಂದ ಇಟ್ಟದ್ದು. ಅಜ್ಜಿಯ ತೀರಿಹೋದ ಗಂಡ ಪ್ರಾಯದಲ್ಲಿ ಪ್ರವಾಸ ಹೋದಾಗ ನೆನಪಿಗೆಂದು ಒಂದನ್ನು ಎತ್ತಿಕೊಂಡು ಬಂದಿದ್ದರಂತೆ. ಈಗ ಅಜ್ಜಿ ಮನೆ ಖಾಲಿ ಮಾಡಿ ವೃದ್ಧಾಶ್ರಮಕ್ಕೆ ಹೊರಟಿದ್ದರು.

"ನನ್ನ ಸೋಫಾ, ಕಪಾಟು ಎಲ್ಲ ಶ್ಪೆರ್‌ಮ್ಯೂಲ್ ಕಸದ ರಾಶಿಗೆ ಬಿದ್ದು ಬೀದಿಬದಿ ಮಳೆಗೆ ನೆನೆಯಲಿ. ಇದು ಯಾರದೋ ಪ್ರಾರ್ಥನೆ. ಇದು ಅಲ್ಲಿಗೆ ಹೋಗಬಾರದು." ಅವರ ಕಣ್ಣು ತುಂಬಿತ್ತು. ನಾನು ಹೂಂ ಅಂದುಬಿಟ್ಟೆ.

"ಹೂಂ ಅಂದದ್ದು ನೀವು, ಹೊತ್ಕೊಂಡು ಹೋಗಿ ಈಗ" ಎಂದು ಹೆಂಡತಿ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಉಡುಪಿ ಎಲ್ಲಿ, ಲಡಾಖ್ ಎಲ್ಲಿ, ದೇವರೇ!

ಉಡುಪಿಯಲ್ಲಿ ಇನ್ನೊಂದು ಫಜೀತಿ. ಬೆಳಿಗ್ಗೆ ಏಳುವಷ್ಟರಲ್ಲಿ ಅಮ್ಮ ನನ್ನ ಪೆಟ್ಟಿಗೆಯಿಂದ ಕಲ್ಲನ್ನು ತೆಗೆದು ತೊಳೆದು, ಕುಂಕುಮ ಹಚ್ಚಿ, ದಾಸವಾಳ ಏರಿಸಿ ದೇವರ ಕೋಣೆಯಲ್ಲಿ ಕೂರಿಸಿಯಾಗಿತ್ತು.

"ಎಂತ ಮಾರಾಯಾ ನೀನು! ಮಂತ್ರ ಬರೆದ ಕಲ್ಲನ್ನು ಚಡ್ಡಿಯ ಅಡಿಯಲ್ಲಿ ಹಾಕಿ ತರುದಾ?"

"ಅಮ್ಮಾ, ಅದು ನಮ್ಮದಲ್ಲ."

"ಮನೆಗೆ ಬಂದದ್ದನ್ನು ಹೊರಗೆ ಕಳಿಸ್ಲಿಕ್ಕುಂಟಾ?"

"ಅದರ ಮನೆಗೇ ಕಳಿಸುದು" ಎಂದ ಮೇಲೆ ಒಪ್ಪಿದರು.

ಲಡಾಖಿನ ಲೇಹ್‌ನಲ್ಲಿ ವಿಮಾನ ಇಳಿದದ್ದೇ ಎತ್ತರದ ತೆಳು ಗಾಳಿಗೆ ತಲೆ ಸಿಡಿಯತೊಡಗಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಬೆಟ್ಟದ ನೆತ್ತಿಯ ಬೌದ್ಧ ಮಠಕ್ಕೆ ಹತ್ತಿದೆ. ಮಬ್ಬುಗತ್ತಲಲ್ಲಿ ಬೆಣ್ಣೆಯ ದೀಪ, ಹಳೆಯ ಭಿತ್ತಿಚಿತ್ರ, ಅರ್ಧ ಮುಚ್ಚಿದ ಕಣ್ಣಿನ ಬುದ್ಧ. ಎಷ್ಟೋ ದಿನದಿಂದ ಬಯಸಿದ ಮೌನ ಅಲ್ಲಿತ್ತು. ನನ್ನ ಮನಸ್ಸು ಮಾತ್ರ ಬೆನ್ನಿನ ಚೀಲದಲ್ಲಿತ್ತು.

ಯಾವ ಊರಿನ ಗೋಡೆಯೋ ಅಜ್ಜಿಗೆ ನೆನಪಿರಲಿಲ್ಲ. ಒಂದು ಹಳೇ ಫೋಟೋ ಕೊಟ್ಟಿದ್ದರು: ಗೋಡೆಯ ಮುಂದೆ ಅವರ ಗಂಡ ನಗುತ್ತಾ ನಿಂತಿದ್ದಾರೆ, ಹಿಂದೆ ಮುರಿದ ಹಲ್ಲಿನಂಥ ಒಂದು ಶಿಖರ. ಬಾಡಿಗೆ ಕಾರಿನ ಚಾಲಕನಿಗೂ ಗೊತ್ತಾಗಲಿಲ್ಲ. ಕಣಿವೆಯ ತುಂಬ ಅಲೆದೆವು. ಕಂದು, ನೇರಳೆ, ಬೂದಿ ಬಣ್ಣದ ಬೆಟ್ಟಗಳು, ಒಂದಾದರೂ ಹೊಂದಬೇಕಲ್ಲ! ಬಿಟ್ಟುಬಿಡೋಣ, ಎಲ್ಲೋ ಒಂದು ಕಡೆ ಇಟ್ಟರಾಯಿತು ಅಂದುಕೊಳ್ಳುವಾಗ ನದಿ ತಿರುಗಿತು, ಮುರಿದ ಹಲ್ಲು ಎದುರಿಗೆ ಎದ್ದು ನಿಂತಿತು, ಈಚೆಗೆ ಫೋಟೋದ ಅದೇ ಗೋಡೆ. ರಸ್ತೆ ಹೊಸದು, ಮರಗಳು ಹೊಸವು. ಬೆಟ್ಟ ಒಂದಿಷ್ಟೂ ಬದಲಾಗಿರಲಿಲ್ಲ. ಮನುಷ್ಯನ ಇಡೀ ಸಂಸಾರ ಮುಗಿದುಹೋಗುವಷ್ಟು ಕಾಲ ಅದಕ್ಕೆ ಏನೂ ಅಲ್ಲ ಅನ್ನಿಸಿತು.

ಗೋಡೆಯನ್ನು ಬಲಕ್ಕಿಟ್ಟುಕೊಂಡು ಸುತ್ತು ಬಂದೆ, ನಮ್ಮ ಪ್ರದಕ್ಷಿಣೆಯ ಹಾಗೆಯೇ. ಕಲ್ಲನ್ನು ಮೇಲಿಟ್ಟು ಕೈ ಮುಗಿದೆ.

ಹ್ಯಾನೋವರ್‌ಗೆ ಬಂದವನು ವೃದ್ಧಾಶ್ರಮಕ್ಕೆ ಹೋಗಿ ಅಜ್ಜಿಗೆ ಮೊಬೈಲಿನಲ್ಲಿ ಗೋಡೆಯ ಫೋಟೋ ತೋರಿಸಿದೆ. ಅಷ್ಟು ಕಲ್ಲುಗಳ ನಡುವೆ ನಮ್ಮದು ಯಾವುದೆಂದು ನನಗೇ ತಿಳಿಯಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, "ಇದು. ಶನಿವಾರ ಶನಿವಾರ ಒರೆಸಿದವಳು ನಾನಲ್ಲವೇ?" ಎಂದರು. ಚಿತ್ರ ದೊಡ್ಡದು ಮಾಡಿದೆ. ಅಕ್ಷರಗಳ ಸಂದಿಯಲ್ಲಿ ಕೆಂಪು ಉಳಿದಿತ್ತು. ಅದೇನೆಂದು ಕೇಳಿದಾಗ ಅಮ್ಮನ ಕಥೆ ಹೇಳಿದೆ.

"ನಾನು ಧೂಳು ಒರೆಸಿದ್ದೇ ಬಂತು. ಒಂದು ಹೂ ಇಡಲು ತೋಚಲೇ ಇಲ್ಲ" ಎಂದು ಬೆರಳಿನಿಂದ ಕಲ್ಲನ್ನು ಸವರಿದರು. ಚಿತ್ರ ಸರ್ರನೆ ಜಾರಿ, ಪರದೆಯ ತುಂಬ ಬರೀ ಆಕಾಶ ಬಂತು.

"ಅಯ್ಯೋ, ಹೋಯಿತಾ?" ಎಂದರು ಗಾಬರಿಯಿಂದ.

"ಇಲ್ಲ, ಅಲ್ಲೇ ಇದೆ" ಎಂದೆ.