ಸ್ಕ್ರೂಡ್ರೈವರ್ ಹಿಡಿದು ಕೇಳಿದ ಜಾಝ್

ಸಂಜೆ ಆರಕ್ಕೆ ಕಾಫಿ, ಆರೂಕಾಲಿಗೆ ರೆಕಾರ್ಡು. ನಿವೃತ್ತನಾದ ಮೇಲೆ ಮಾಕಳಿಯ ನಮ್ಮ ಮನೆಯಲ್ಲಿ ಈ ಕ್ರಮ ತಪ್ಪಿಲ್ಲ. ಪೀಣ್ಯದ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಜರ್ಮನ್ ಇಂಜಿನಿಯರೊಬ್ಬರು ಹೊರಡುವಾಗ ಕೊಟ್ಟುಹೋದ ಆಲ್ಬಂ ಅದು. ಜಾಝ್‌ಗೆ ರಾಕ್ ಬೆರೆಸುವ ಫ್ಯೂಷನ್‌ನಲ್ಲಿ ಬಹಳ ಹೆಸರು ಮಾಡಿದ್ದಂತೆ. ಮೊದಲ ಸಲ ಕೇಳಿದಾಗ ಕಬ್ಬಿಣದ ತಗಡು ಒತ್ತುವ ನಮ್ಮ ಪ್ರೆಸ್ ಶಾಪ್ ನೆನಪಾಗಿತ್ತು. ಗಿಟಾರ್ ಒಂದು ವೇಗ, ಡ್ರಮ್ಸ್ ಇನ್ನೊಂದು, ಎಲೆಕ್ಟ್ರಿಕ್ ಪಿಯಾನೋ ಮತ್ತೊಂದು. ಹತ್ತಾರು ಸಲ ಕೇಳಿದ ಮೇಲೆ ಗೊತ್ತಾಯಿತು, ಎಲ್ಲರೂ ಏಳರ ಎಣಿಕೆಯಲ್ಲಿ ಒಂದೇ ಕಡೆ ಬಂದು ಸೇರುತ್ತಾರೆ. ಎರಡನೆಯ ಟ್ರ್ಯಾಕಿನ ನಡುವೆ ಉಳಿದ ವಾದ್ಯಗಳೆಲ್ಲ ನಿಂತು, ಡ್ರಮ್ಸ್ ಪಕ್ಕದ ಕಂಚಿನ ತಟ್ಟೆ, ಒಂದು ಸಣ್ಣ ಸಿಂಬಲ್ ಮಾತ್ರ ಆ ಏಳನ್ನು ಎಣಿಸುತ್ತದೆ. ನಾನು ದಿನಾ ಕಾಯುತ್ತಿದ್ದುದು ಅದಕ್ಕೇ.

ಕಳೆದ ತಿಂಗಳು ಒಂದು ಸಂಜೆ ಅಲ್ಲಿ ಏನೂ ಕೇಳಲಿಲ್ಲ. ಮೌನ, ಆಮೇಲೆ ನೇರವಾಗಿ ಗಿಟಾರ್.

ರೆಕಾರ್ಡ್ ಪ್ಲೇಯರಿನ ಮುಳ್ಳು ಸವೆದಿರಬೇಕೆಂದು ಬದಲಿಸಿದೆ. ಬೆಲ್ಟ್ ಬಿಗಿ ಮಾಡಿದೆ. ವೈರುಗಳಿಗೆ ಹೊಸದಾಗಿ ಬೆಸುಗೆ ಹಾಕಿದೆ. ವಾರ ಕಳೆದರೂ ಆ ಜಾಗ ಖಾಲಿ. ಇನ್ನೊಂದು ಕಾರಣ ಹೊಳೆದಿರಲಿಲ್ಲವೆಂದಲ್ಲ. ಹೆಂಡತಿಯನ್ನು ಕರೆದು "ನಿನಗೆ ಕೇಳಿಸ್ತಾ?" ಎನ್ನಲು ಧೈರ್ಯ ಬರಲಿಲ್ಲ. ಮೂವತ್ತು ವರ್ಷ ಪ್ರೆಸ್‌ಗಳ ಮಧ್ಯೆ ನಿಂತವನು ನಾನು. ಕಂಪನಿ ಕೊಟ್ಟ ಇಯರ್ ಪ್ಲಗ್ ಜೇಬಿನಲ್ಲೇ ಇರುತ್ತಿತ್ತು. ಕಿವಿ ಮುಚ್ಚಿಕೊಂಡವನಿಗೆ ಯಂತ್ರದ ಕಾಯಿಲೆ ಹೇಗೆ ತಿಳಿಯಬೇಕು ಎಂದು ವಾದಿಸುತ್ತಿದ್ದೆ.

ಕೊನೆಗೆ ಶಾಪಿನ ಹಳೆಯ ಪರೀಕ್ಷೆಯನ್ನೇ ಮಾಡಿದೆ. ಬೇರಿಂಗ್ ಕೆಟ್ಟಿದೆಯೇ ಎಂದು ತಿಳಿಯಲು ಸ್ಕ್ರೂಡ್ರೈವರ್‌ನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸುತ್ತಿದ್ದೆವು. ಹಾಗೆಯೇ ಸ್ಪೀಕರ್ ಪೆಟ್ಟಿಗೆಯ ಮುಂದೆ ಮಂಡಿಯೂರಿ ಅದಕ್ಕೆ ಸ್ಕ್ರೂಡ್ರೈವರ್ ಒತ್ತಿದೆ.

"ಏನ್ರೀ, ಅದಕ್ಕೂ ಬೇರಿಂಗ್ ಇದ್ಯಾ?" ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಸುಮ್ನಿರೇ."

ಪಿಯಾನೋ ನಿಂತಿತು. ಗಿಟಾರ್ ನಿಂತಿತು. ಉಸಿರು ಬಿಗಿಹಿಡಿದೆ. ಮೂಳೆಯೊಳಗೆ ಸಣ್ಣಗೆ, ಆದರೆ ಸ್ಪಷ್ಟವಾಗಿ: ಒಂದು, ಎರಡು, ಮೂರು... ಏಳು. ಸಿಂಬಲ್ ಇತ್ತು. ಅದು ಎಲ್ಲೂ ಹೋಗಿರಲಿಲ್ಲ.

"ಮೆಷಿನ್ ಸರಿಯಾಗಿದೆ," ಎಂದೆ.

"ಕುಕ್ಕರೂ ಸರಿಯಾಗೇ ಇದೆ ಕಣ್ರೀ. ವಿಶಲ್ ಬಂತಾ ಅಂತ ಒಂದ್ ವರ್ಷದಿಂದ ನನ್ನೇ ಕೇಳ್ತಿದೀರಿ. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ಕುಕ್ಕರ್ ಬಿಚ್ಚೋಕೆ ಕೂತ್ರಿ."

ಮೊದಲ ಬದಿ ಮುಗಿಯುವವರೆಗೂ ಹಾಗೇ ಕೂತಿದ್ದೆ. ಮೊಣಕಾಲು ಜೋಮು ಹಿಡಿದರೂ ಸ್ಕ್ರೂಡ್ರೈವರ್ ಕದಲಿಸಲಿಲ್ಲ.

"ನಾಳೆ ಹತ್ತಕ್ಕೆ ಹೋಗೋಣ," ಎಂದೆ. "ಈಗ ಆ ರೆಕಾರ್ಡ್ ತಿರುಗಿಸಿ ಹಾಕು."